ಕೂಣಿಯೊಳಗೆ ಬಲ್ಬು: ಬರ್ಕ್ಲಿಯ ಅರ್ಬನ್ ಓರ್ ಮತ್ತು ನನ್ನ ಟಿಕಿ ದೀಪಗಳು

ನಾಲ್ಕು ವರ್ಷದ ಹಿಂದೆ ಇಲ್ಲಿ ಕ್ಯಾಲಿಫೋರ್ನಿಯದ ಒಂದು ಟಿಕಿ ರೆಸ್ಟೋರೆಂಟಿಗೆ, ಅಂದರೆ ಪೆಸಿಫಿಕ್ ದ್ವೀಪಗಳ ಶೈಲಿಯಲ್ಲಿ ಸಿಂಗರಿಸಿದ ಜಾಗಕ್ಕೆ, ಮಗಳು ಕರೆದುಕೊಂಡು ಹೋಗಿದ್ದಳು. ತಲೆಯೆತ್ತಿದರೆ ಸೂರಿನಿಂದ ಕೂಣಿ ನೇತಾಡುತ್ತಿದೆ! ತೀರ್ಥಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಹೊಸನೀರಿಗೆ ಹತ್ತುಮೀನು (ಹರಿವಿಗೆ ಎದುರಾಗಿ ಮೇಲೆ ಹತ್ತುವ ಮೀನು) ಬರುವಾಗ ಹಳ್ಳಕ್ಕೆ ಒಡ್ಡುತ್ತಾರಲ್ಲ, ಆ ಬಿದಿರಿನ ಉದ್ದ ಬುಟ್ಟಿ. ಹೋಲಿಕೆ ಅಷ್ಟಿತ್ತು. ಒಳಗೊಂದು ಕೆಂಪು ಬಲ್ಬು, ಗೋಡೆ ತುಂಬ ಸೀಳುಗಳ ನೆರಳು. ಆ ರಾತ್ರಿ ಏನು ಊಟ ಮಾಡಿದೆನೋ ನೆನಪಿಲ್ಲ, ನೆರಳು ಮಾತ್ರ ಕಣ್ಣಲ್ಲೇ ನಿಂತಿತು.

ಕೊಳ್ಳೋಣವೆಂದು ಹುಡುಕಿದೆ. ಕೈಯಿಂದ ಹೆಣೆದ ಒಂದು ಮೀನುಬುಟ್ಟಿ ದೀಪಕ್ಕೆ 180 ಡಾಲರ್. ಹೆಣಿಗೆಯವರ ಶ್ರಮಕ್ಕೆ ಅದು ಹೆಚ್ಚಲ್ಲ, ಆದರೆ ನನಗೆ ಬೇಕಿದ್ದದ್ದು ಮೂರು ದೀಪ. ಹಾಗಾಗಿ ಹಳೆ ಸಾಮಾನಿನ ದಾರಿ ಹಿಡಿದೆ. ಈಗ ತಿಂಗಳಿಗೊಮ್ಮೆಯಾದರೂ ಅರ್ಬನ್ ಓರ್ ಎಂಬ ಹಳೆ ಸಾಮಾನಿನ ಅಂಗಡಿಗೆ ಹೋಗದಿದ್ದರೆ ಸಮಾಧಾನವಿಲ್ಲ.

ಬರ್ಕ್ಲಿಯ ಆಶ್ಬಿ ಅವೆನ್ಯೂ ಹತ್ತಿರ, ಮರ್ರಿ ಸ್ಟ್ರೀಟ್‌ನಲ್ಲಿದೆ. ಊರಿನ ಕಸದ ಗುಡ್ಡೆಗೆ ಬಂದ ಒಳ್ಳೆಯ ಸಾಮಾನನ್ನು ಆಯ್ದು ಮಾರುವುದರಿಂದ ಹುಟ್ಟಿದ ಸಂಸ್ಥೆ ಇದು. ದೊಡ್ಡ ಗೋಡೌನು, ಹೊರಗೆ ಬಯಲು. ಬಾಗಿಲುಗಳೇ ಸಾಲುಸಾಲು, ಸ್ನಾನದ ತೊಟ್ಟಿಗಳು, ಕಿಟಕಿಗಳು, ದೀಪಗಳು, ಬುಟ್ಟಿಗಳು, ಪಾತ್ರೆಗಳು. ಹಳೆ ಮನೆಗಳ ವಾಸನೆ ಬರುತ್ತದೆ, ನನಗದು ಇಷ್ಟ. ಪಟ್ಟಿ ಹಿಡಿದು ಹೋಗಬೇಡಿ. ಎರಡು ಗಂಟೆ ಬಿಡುವು, ಕೈಗವಸು ಮತ್ತು ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ.

ನನ್ನ ಕೂಣಿಗೆ ಸಿಕ್ಕಿದ್ದು ಬುಡ ಹರಿದ ಬೆತ್ತದ ಬುಟ್ಟಿ, 6 ಡಾಲರ್. ಬುಡ ಹರಿದಿದ್ದೇ ಒಳ್ಳೆಯದಾಯಿತು, ಹೋಲ್ಡರ್ ಅಲ್ಲಿಂದಲೇ ಇಳಿಯಿತು. ಬೆತ್ತವನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿದರೆ ಹೇಳಿದ ಹಾಗೆ ಬಾಗುತ್ತದೆ. ಬಾಯನ್ನು ಕಿರಿದು ಮಾಡಿ ಸೆಣಬಿನ ಹುರಿಯಲ್ಲಿ ಬಿಗಿದು, ಒಂದು ರಾತ್ರಿ ಒಣಗಲು ಬಿಟ್ಟೆ. ಎರಡನೆಯದು ಹಸಿರು ಗಾಜಿನ ಗೋಳ, ಯಾವುದೋ ವರಾಂಡದ ದೀಪದ್ದು, 5 ಡಾಲರ್. ಜಪಾನಿನ ಮೀನುಗಾರರು ಬಲೆ ತೇಲಿಸಲು ಬಳಸುತ್ತಿದ್ದ ಗಾಜಿನ ಗುಂಡುಗಳನ್ನು ಟಿಕಿ ಬಾರುಗಳಲ್ಲಿ ತೂಗುಹಾಕುತ್ತಾರೆ. ನನ್ನ ಗೋಳಕ್ಕೆ ಹಗ್ಗದ ಬಲೆ ಹೆಣೆದು ಆ ರೂಪ ಕೊಟ್ಟೆ. ಹೆಣಿಗೆ ತಪ್ಪಿ ಮೂರು ಸಲ ಬಿಚ್ಚಿದೆ. ನಾಲ್ಕನೆಯದು ನಿಂತಿತು.

ಮೂರನೆಯದಕ್ಕೆ ತಾಪಾ ಬಟ್ಟೆ ಬೇಕಿತ್ತು. ಪೆಸಿಫಿಕ್ ದ್ವೀಪಗಳ ಹೆಂಗಸರು ಒಂದು ಜಾತಿಯ ಹಿಪ್ಪುನೇರಳೆ ಮರದ ಒಳತೊಗಟೆಯನ್ನು ಬಡಿದು ಬಡಿದು ಮಾಡುವ ಬಟ್ಟೆ ಅದು. ನಾನು ದಿನಸಿ ಅಂಗಡಿಯ ಕಂದು ಕಾಗದದ ಚೀಲವನ್ನು ಮುದುಡಿ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಒಣಗಿಸಿ, ಹಳೆ ಲ್ಯಾಂಪ್‌ಶೇಡ್ ಚೌಕಟ್ಟಿಗೆ ಅಂಟಿಸಿದೆ. ಅವರ ಚಿತ್ತಾರ ಬಿಡಿಸಲಿಲ್ಲ, ಬರೀ ಗೆರೆ ಎಳೆದೆ. ಟಿಕಿ ಮುಖಗಳನ್ನೂ ಕೆತ್ತುವುದಿಲ್ಲ. ಮಾವೊರಿ ಕಥೆಗಳಲ್ಲಿ ಟಿಕಿ ಎಂದರೆ ಮೊದಲ ಮನುಷ್ಯ. ನಮ್ಮ ಭೂತದ ಮೊಗವನ್ನು ಯಾರಾದರೂ ಬಾರಿನ ಕಂಬಕ್ಕೆ ಹೊಡೆದರೆ ನನಗೆ ಹೇಗಾದೀತು? ಈ ಬಾರುಗಳ ಟಿಕಿ ಅಮೆರಿಕದವರೇ ಕಟ್ಟಿಕೊಂಡ ಕನಸು. ಹಾಲಿವುಡ್‌ನಲ್ಲಿ ಡಾನ್ ಬೀಚ್ ಎಂಬಾತ ಇಂಥ ಬಾರನ್ನು ಶುರುಮಾಡಿದ. ಇತ್ತ ಓಕ್‌ಲ್ಯಾಂಡ್‌ನ ಸ್ಯಾನ್ ಪಾಬ್ಲೊ ಅವೆನ್ಯೂನಲ್ಲಿ ವಿಕ್ಟರ್ ಬರ್ಜರಾನ್ 1934ರಲ್ಲಿ ತೆರೆದ ಪುಟ್ಟ ಜಾಗ ಮುಂದೆ ಟ್ರೇಡರ್ ವಿಕ್ಸ್ ಎಂಬ ಹೆಸರಾಂತ ಟಿಕಿ ರೆಸ್ಟೋರೆಂಟ್ ಆಯಿತು. ಆ ರಸ್ತೆ ಅರ್ಬನ್ ಓರ್‌ಗೆ ದೂರವೇನಲ್ಲ. ಮೀನುಬುಟ್ಟಿ, ಚಾಪೆ, ಬಿದಿರಿನ ಮೇಲೆ ಮಂದ ಬೆಳಕು ಬಿಡುವ ಆ ಕಲೆ ಮಾತ್ರ ನನಗೆ ಸಾಕು.

ಈಗ ಮುಖ್ಯ ಮಾತು. ಬುಟ್ಟಿ ಹಳೆಯದಿರಲಿ, ವೈರ್ ಹೊಸದೇ ಇರಲಿ. ಮೊದಲ ಸಲ ಆನ್‌ಲೈನಲ್ಲಿ 4 ಡಾಲರಿಗೆ ಸಿಕ್ಕ ಕಾರ್ಡ್ (ಪ್ಲಗ್ ಇರುವ ವೈರ್) ಹಾಕಿದ್ದೆ. ಹತ್ತು ನಿಮಿಷಕ್ಕೆ ಪ್ಲಗ್ ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬಂತು. ಬೆತ್ತ, ಕಾಗದ, ಸೆಣಬು, ಎಲ್ಲವೂ ಸೌದೆ! ಅಂದೇ ಕಿತ್ತೆಸೆದು, ಯುಎಲ್ (ಅಮೆರಿಕದ ಸುರಕ್ಷತಾ ಪರೀಕ್ಷೆಯ ಸಂಸ್ಥೆ) ಗುರುತಿರುವ 18 ಗೇಜ್ ದಪ್ಪದ ಕಾರ್ಡನ್ನು 13 ಡಾಲರಿಗೆ ತಂದೆ. ದೀಪದ ವೈರನ್ನು ಬೆರಳಿಂದ ಸವರಿ ನೋಡಿ. ಗೀರು ಗೀರು ಇರುವ ಬದಿ ನ್ಯೂಟ್ರಲ್, ಅದು ಬೆಳ್ಳಿ ಬಣ್ಣದ ಸ್ಕ್ರೂಗೆ. ನುಣುಪು ಬದಿ ಹಿತ್ತಾಳೆ ಸ್ಕ್ರೂಗೆ. ಬಲ್ಬು 4 ವ್ಯಾಟ್‌ನ ಹಳದಿ ಎಲ್‌ಇಡಿ ಮಾತ್ರ. ಹಳೆ ಕಾಲದ 60 ವ್ಯಾಟ್ ಬಲ್ಬು ಹಾಕಿದರೆ ಕಾಗದ ಸುಡಬಹುದು. ಹಳೆ ದೀಪವನ್ನೇ ಕೊಂಡರೂ ಅಷ್ಟೆ, ವೈರ್ ಬದಲಿಸದೆ ಹಚ್ಚಬೇಡಿ.

ಹೀಗೆ ಕೂಣಿ ದೀಪಕ್ಕೆ ಒಟ್ಟು ಬಿದ್ದದ್ದು ಬಲ್ಬು ಸೇರಿ 23 ಡಾಲರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವೈರಿಗೆ. ಆ ಲೆಕ್ಕ ನನಗೆ ಸರಿಯೆನಿಸುತ್ತದೆ. ಅಂಗಡಿಗೆ ಐದಕ್ಕೆ ಐದು ಕೊಡುತ್ತೇನೆ. ಬೆತ್ತ, ಬಿದಿರು ಪ್ರತಿ ಸಲ ಸಿಗುವುದಿಲ್ಲ. ನನ್ನ ಬುಟ್ಟಿಗೆ ಮೂರು ಸಲ ಹೋಗಿ ಬಂದಿದ್ದೆ.

ದೀಪ ತೂಗಿದ ಸಂಜೆ ಅಮ್ಮನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. "ಅಯ್ಯೋ, ಕೂಣಿಗೆ ಬಲ್ಬ್ ಹಾಕಿದ್ಯೇನೇ? ನಿನ್ನ ಅಜ್ಜ ಇದ್ದಿದ್ರೆ..." ಎಂದು ಸುಮ್ಮನಾದಳು. ಆಮೇಲೆ ಫೋನನ್ನು ಇನ್ನೂ ಹತ್ತಿರ ಹಿಡಿಯಲು ಹೇಳಿ, ಹೆಣಿಗೆಯನ್ನು ನೋಡಿ, ಬಾಯಿ ಇನ್ನೆರಡು ಬೆರಳು ಕಿರಿದಾಗಬೇಕು, ಇಲ್ಲದಿದ್ದರೆ ಮೀನು ವಾಪಸ್ ಹೋಗುತ್ತದೆ ಎಂದಳು. ಭಾನುವಾರ ಬಿಚ್ಚಿ, ನೆನೆಸಿ, ಮತ್ತೆ ಬಿಗಿದೆ.