ಒಗ್ಗರಣೆಗೆ ಆಲಿವ್ ಎಣ್ಣೆ: ಎರಡು ವರ್ಷದ ಬಳಕೆಯ ಲೆಕ್ಕ

ಮೊದಲು ತೀರ್ಪು. ರಿಫೈನ್ಡ್ ಆಲಿವ್ ಎಣ್ಣೆ ಮೈಸೂರು ಸೀಮೆಯ ದಿನದ ಅಡುಗೆಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದನ್ನು ಕೊಳ್ಳಬೇಕಾದದ್ದು ಬಾಣಲೆಯಲ್ಲಿ ಅದು ನಡೆದುಕೊಳ್ಳುವ ರೀತಿಗಾಗಿ. ಆಲಿವ್ ಎಂಬ ಹೆಸರಿನ ಹಿಂದೆ ಬರುವ ಆರೋಗ್ಯದ ಮಾತುಗಳಲ್ಲಿ ಹೆಚ್ಚಿನವು ಎಕ್ಸ್‌ಟ್ರಾ ವರ್ಜಿನ್ ಎಣ್ಣೆಗೆ ಸೇರಿದವು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ ಒಂದರ ಗುಣ ಇನ್ನೊಂದಕ್ಕೂ ಇದೆ ಎಂದುಕೊಂಡು ದುಡ್ಡು ಕೊಡುವವರೇ ಜಾಸ್ತಿ.

ಗಾಣದ ಎಣ್ಣೆ ಬಲ್ಲವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಆಲಿವ್ ಹಣ್ಣನ್ನು ಅರೆದು, ಹೆಚ್ಚು ಬಿಸಿ ತಾಗಿಸದೆ, ರಾಸಾಯನಿಕ ಬಳಸದೆ ತೆಗೆದದ್ದು ವರ್ಜಿನ್. ಅದರಲ್ಲಿ ಆಮ್ಲೀಯತೆ, ಅಂದರೆ ಕೊಬ್ಬಿನಿಂದ ಬಿಡಿಯಾದ ಆಮ್ಲ, 100 ಗ್ರಾಂಗೆ 0.8 ಗ್ರಾಂ ಮೀರದೆ, ರುಚಿಯಲ್ಲೂ ದೋಷ ಕಾಣದಿದ್ದರೆ ಎಕ್ಸ್‌ಟ್ರಾ ವರ್ಜಿನ್. ಹಣ್ಣು ನೆಲಕ್ಕೆ ಬಿದ್ದು ಕೊಳೆತಿದ್ದರೆ, ಇಲ್ಲವೇ ರಾಶಿಯಲ್ಲೇ ಹುಳಿತಿದ್ದರೆ ಎಣ್ಣೆಗೆ ಮುಗ್ಗಲು ವಾಸನೆ ಹತ್ತುತ್ತದೆ, ಆಮ್ಲ ಏರುತ್ತದೆ. ಅಂಥ ಎಣ್ಣೆಗೆ ಕ್ಷಾರ ಹಾಕಿ ಆಮ್ಲ ತೆಗೆದು, ವಿಶೇಷ ಜೇಡಿಮಣ್ಣಿನಿಂದ ಬಣ್ಣ ಹೀರಿಸಿ, ನಿರ್ವಾತದಲ್ಲಿ ಬಿಸಿ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ. ಉಳಿಯುವುದೇ ರಿಫೈನ್ಡ್ ಆಲಿವ್ ಎಣ್ಣೆ. ಅದರ ಆಮ್ಲೀಯತೆ 0.3ರ ಒಳಗಿರಬೇಕು. ಇಲ್ಲೇ ಒಂದು ಎಡವಟ್ಟು ಆಗುತ್ತದೆ: 0.8ಕ್ಕಿಂತ 0.3 ಕಡಿಮೆ, ಆದ್ದರಿಂದ ಇದೇ ಮೇಲು ಎಂದು ತಿಳಿಯುತ್ತಾರೆ. ಎಕ್ಸ್‌ಟ್ರಾ ವರ್ಜಿನ್‌ನಲ್ಲಿ ಕಡಿಮೆ ಆಮ್ಲೀಯತೆ ಬಂದದ್ದು ಒಳ್ಳೆ ಹಣ್ಣಿನಿಂದ, ರಿಫೈನ್ಡ್‌ನಲ್ಲಿ ಬಂದದ್ದು ಕ್ಷಾರದಿಂದ. ಸಂಸ್ಕರಿಸುವಾಗ ಆರೋಗ್ಯದ ಮಾತುಗಳಿಗೆ ಆಧಾರವಾದ ಪಾಲಿಫೀನಾಲ್‌ಗಳು ಬಹುಪಾಲು ಹೋಗುತ್ತವೆ. ಕೊಬ್ಬಿನ ಆಮ್ಲಗಳ ಪಾಲು ಮಾತ್ರ ಹೆಚ್ಚು ಬದಲಾಗುವುದಿಲ್ಲ.

ಇನ್ನೊಂದು ಬಗೆ ಪೋಮೇಸ್ ಆಲಿವ್ ಎಣ್ಣೆ. ಪೋಮೇಸ್ ಎಂದರೆ ಹಿಂಡಿ. ಕಡ್ಲೆಕಾಯಿ ಹಿಂಡಿಯನ್ನು ನಾವು ದನಕ್ಕೆ ಹಾಕುತ್ತೇವೆ. ಆಲಿವ್ ಬೆಳೆಯುವ ನಾಡುಗಳಲ್ಲಿ ಅದರ ಹಿಂಡಿಯನ್ನು ಒಣಗಿಸಿ, ಹೆಕ್ಸೇನ್ ದ್ರಾವಕದಿಂದ ಉಳಿದ ಎಣ್ಣೆಯನ್ನು ಸೆಳೆದು, ಸಂಸ್ಕರಿಸಿ, ಸ್ವಲ್ಪ ವರ್ಜಿನ್ ಬೆರೆಸಿ ಮಾರುತ್ತಾರೆ. ಹೆಕ್ಸೇನ್ ಎಂದ ಕೂಡಲೇ ಗಾಬರಿ ಬೇಡ. ಅಕ್ಕಿ ತವುಡಿನ ಎಣ್ಣೆಯನ್ನು ತೆಗೆಯುವುದೂ ಸಾಮಾನ್ಯವಾಗಿ ಹೀಗೆಯೇ. 2001ರಲ್ಲಿ ಸ್ಪೇನ್ ಪೋಮೇಸ್ ಎಣ್ಣೆಯ ಮಾರಾಟವನ್ನು ತಡೆದದ್ದು ಬೇರೆ ಕಾರಣಕ್ಕೆ. ಹಿಂಡಿಯನ್ನು ಅತಿ ಬಿಸಿಯಲ್ಲಿ ಒಣಗಿಸಿದಾಗ ಬೆನ್ಸೋಪೈರೀನ್ ಎಂಬ ಹಾನಿಕಾರಕ ಸೇರಿತ್ತು. ಈಗ ಯುರೋಪಿನಲ್ಲಿ ಅದಕ್ಕೆ ಕಿಲೋಗೆ 2 ಮೈಕ್ರೋಗ್ರಾಂ ಮಿತಿ ಇದೆ.

ಆದ್ದರಿಂದ ಡಬ್ಬದ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. "ಪ್ಯೂರ್", "ಕ್ಲಾಸಿಕ್" ಎಂದರೆ ಸಾಮಾನ್ಯವಾಗಿ ರಿಫೈನ್ಡ್‌ಗೆ ವರ್ಜಿನ್ ಬೆರೆಸಿದ್ದು. "ಎಕ್ಸ್‌ಟ್ರಾ ಲೈಟ್" ಎಂದರೆ ಬಣ್ಣ ಮತ್ತು ರುಚಿಯಲ್ಲಿ ತೆಳು, ಅಷ್ಟೆ. ಕ್ಯಾಲೊರಿ ಎಲ್ಲ ಎಣ್ಣೆಯಂತೆ ಗ್ರಾಂಗೆ 9, ಒಂದು ದೊಡ್ಡ ಚಮಚಕ್ಕೆ ಸುಮಾರು 120. ತೂಕ ಕುಗ್ಗೀತೆಂದು ಎರಡು ಚಮಚ ಹೆಚ್ಚು ಸುರಿದರೆ ಕೆಲಸ ಕೆಟ್ಟಿತು. ಬೆಲೆ ಹೋಲಿಸುವಾಗ ಲೀಟರನ್ನು ಲೀಟರಿಗೇ ಹೋಲಿಸಿ. 1 ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ.

ಇನ್ನು ಒಲೆಯ ಮುಂದೆ. ರಿಫೈನ್ಡ್ ಆಲಿವ್ ಎಣ್ಣೆ ಹೊಗೆಯಾಡುವುದು ಸುಮಾರು 220ರಿಂದ 240 ಡಿಗ್ರಿಯಲ್ಲಿ. ಒಗ್ಗರಣೆಗೆ ಬೇಕಾದದ್ದಕ್ಕಿಂತ ಎಷ್ಟೋ ಮೇಲೆ. ಆದರೂ ಮನೆಗಳಲ್ಲಿ ಹೊಗೆ ಏಳುತ್ತದೆ, ಏಕೆಂದರೆ ಅಗಲ ಬಾಣಲೆಯಲ್ಲಿ 2 ಟೀ ಚಮಚ ಎಣ್ಣೆ ಹಾಳೆಯಂತೆ ಹರಡಿ ಕ್ಷಣದಲ್ಲಿ ಕಾಯುತ್ತದೆ. ಒಗ್ಗರಣೆ ಸೌಟಿನಲ್ಲೇ ಮಾಡಿ. ಮಧ್ಯಮ ಉರಿಯಲ್ಲಿ ಎಣ್ಣೆ ಕಾಯಿಸಿ ಎರಡು ಕಾಳು ಸಾಸಿವೆ ಹಾಕಿ. ಸಿಡಿದರೆ ಉಳಿದದ್ದನ್ನು ಹಾಕಿ, ಸಿಡಿತ ನಿಲ್ಲುವ ಮೊದಲೇ ಉರಿ ತಗ್ಗಿಸಿ, ಬೇಳೆ, ಒಣಮೆಣಸಿನಕಾಯಿ, ಇಂಗು ಹಾಕಿ. ಕರಿಬೇವು ಕೊನೆಗೆ, ನೀರು ಪೂರ್ತಿ ಒರೆಸಿ. ಈ ಎಣ್ಣೆಗೆ ಸ್ವಂತ ವಾಸನೆ ಇಲ್ಲದ್ದರಿಂದ ಇಂಗಿನ ಘಮ ಚೊಕ್ಕವಾಗಿ ಬರುತ್ತದೆ.

ಇದೇ ಕಾರಣಕ್ಕೆ ಅವರೆಕಾಯಿ ಕಾಲದಲ್ಲಿ ಇದು ನಿಜಕ್ಕೂ ಬೆಲೆ ಬಾಳುತ್ತದೆ. ಹಿದುಕಿದ ಬೇಳೆ ಸಾರಿಗೆ, ಅವರೆಕಾಳು ಉಪ್ಪಿಟ್ಟಿಗೆ ಸೊಗಡೇ ಜೀವ, ಮತ್ತು ಎಣ್ಣೆ ಅದರ ಮೇಲೆ ಸವಾರಿ ಮಾಡುವುದಿಲ್ಲ. ಉಪ್ಪಿಟ್ಟಿಗೆ 1 ಲೋಟ ರವೆಗೆ 2 ದೊಡ್ಡ ಚಮಚ ಸಾಕು. ರವೆಯನ್ನು ಆ ಎಣ್ಣೆಯಲ್ಲೇ ಘಮ್ಮೆನ್ನುವವರೆಗೆ ಹುರಿದರೆ ಉದುರುದುರಾಗುತ್ತದೆ. ಒಬ್ಬಟ್ಟಿನ ಕಣಕ ನೆನೆಸಲೂ ಒಳ್ಳೆಯದು. ಕಣಕ ಎರಡು ಮೂರು ಗಂಟೆ ಎಣ್ಣೆಯಲ್ಲಿ ಕುಳಿತಿರುವಾಗ ಎಣ್ಣೆಯಲ್ಲಿ ಸ್ವಲ್ಪ ಕಮಟು ಇದ್ದರೂ ಹೂರಣಕ್ಕೆ ಹತ್ತುತ್ತದೆ. ಹೊಸದಾಗಿ ತೆರೆದ ಡಬ್ಬದಿಂದಲೇ ತೆಗೆಯಿರಿ.

ಕಬ್ಬಿಣದ ಕಾವಲಿಗೆ ಎಚ್ಚರಿಕೆ ಬೇಕು. ದೋಸೆಯ ಸುತ್ತ ಅರ್ಧ ಚಮಚ ಬಿಡಲು ತೊಂದರೆಯಿಲ್ಲ. ಹೊಸ ಕಾವಲಿ ಪಳಗಿಸಲು ಮಾತ್ರ ಇದು ನಿಧಾನ. ಕಾವಲಿಯ ಮೇಲೆ ಎಣ್ಣೆ ಒಣಗಿ ಗಟ್ಟಿ ಪದರವಾಗಲು ಲಿನೋಲಿಕ್ ಆಮ್ಲದಂಥ, ಬೇಗ ಬದಲಾಗುವ ಕೊಬ್ಬಿನ ಆಮ್ಲಗಳು ಬೇಕು. ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಹೇರಳ, ಆಲಿವ್‌ನಲ್ಲಿ ಕಡಿಮೆ. ದಪ್ಪಗೆ ಸವರಿದರೆ ಅಂಟಂಟು ಉಳಿದು ದೋಸೆ ಕಚ್ಚಿಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸಿ, ಒರೆಸಿದ್ದೇ ಕಾಣದಷ್ಟು ತೆಳ್ಳಗೆ ಮಾಡಿ, ಕಾಯಿಸಿ.

ಕರಿಯುವ ವಿಷಯದಲ್ಲಿ ಅದೇ ಕೊರತೆ ಗುಣವಾಗುತ್ತದೆ. ಲಿನೋಲಿಕ್ ಕಡಿಮೆ, ಓಲಿಕ್ ಎಂಬ ಇನ್ನೊಂದು ಕೊಬ್ಬಿನ ಆಮ್ಲ ಹೆಚ್ಚು ಇರುವ ಎಣ್ಣೆ ಬಿಸಿಗೆ ನಿಧಾನವಾಗಿ ಕೆಡುತ್ತದೆ. ಮದ್ದೂರು ವಡೆಯನ್ನು 170 ಡಿಗ್ರಿ ಆಸುಪಾಸಿನಲ್ಲಿ ಕರಿದರೆ ಒಳಗಿನ ಈರುಳ್ಳಿ ಬೇಯುತ್ತದೆ, ಹೊರಗೆ ಗರಿಯಾಗುತ್ತದೆ. ಎಣ್ಣೆ ತಣ್ಣಗಿದ್ದರೆ ವಡೆ ಎಣ್ಣೆ ಕುಡಿಯುತ್ತದೆ. ಅಷ್ಟಾದರೂ ಕರಿಯಲು ನಾವು ಇದನ್ನು ಹೇಳುವುದಿಲ್ಲ. ಪೋಮೇಸ್ ಕೂಡ ಸೂರ್ಯಕಾಂತಿ ಎಣ್ಣೆಗಿಂತ ಬಹಳ ದುಬಾರಿ. ಬಾಣಲೆಗೆ 1 ಲೀಟರ್ ಸುರಿದ ಮೇಲೆ ಚೆಲ್ಲಲು ಮನಸ್ಸು ಬಾರದೆ ಮತ್ತೆ ಮತ್ತೆ ಕಾಯಿಸುತ್ತಾರೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕಾದು ಕೆಟ್ಟಂತೆ ಹೆಚ್ಚುವ ವಸ್ತುಗಳು, ಶೇ 25 ಮೀರಬಾರದು ಎಂಬ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಬಣ್ಣ ಕಪ್ಪಾಗಿ, ನೊರೆ ಇಳಿಯದೆ ನಿಂತು, ಮೊದಲಿಗಿಂತ ಬೇಗ ಹೊಗೆ ಬಂದರೆ ಆ ಎಣ್ಣೆ ಮುಗಿಯಿತು.

ಸೋಲುವ ಕಡೆಗಳೂ ಇವೆ. ಈರನಗೆರೆ ಬದನೆಯ ಎಣ್ಣೆಗಾಯಿಗೆ ಗಾಣದ ಕಡ್ಲೆಕಾಯಿ ಎಣ್ಣೆಯೇ ಬೇಕು. ಮಸಾಲೆಯಲ್ಲಿರುವ ಕಡ್ಲೆಕಾಯಿ ಬೀಜ, ಎಳ್ಳಿನ ಜೊತೆ ಅದು ಬೆರೆತು ಬರುವ ರುಚಿಯನ್ನು ವಾಸನೆಯಿಲ್ಲದ ಎಣ್ಣೆ ಕೊಡಲಾರದು. ಮುದ್ದೆ ಉಪ್ಸಾರಿನ ಖಾರಕ್ಕೂ, ಚಟ್ನಿಪುಡಿಯ ಮೇಲೆ ಹಸಿಯಾಗಿ ಹಾಕಿಕೊಳ್ಳಲೂ ಇದು ಸಪ್ಪೆ. ಮೈಸೂರು ಪಾಕಿನಲ್ಲಿ ತುಪ್ಪದ ಬದಲು ಹಾಕಲೇಬೇಡಿ. ತುಪ್ಪ ಆರಿದಾಗ ಹೆಪ್ಪುಗಟ್ಟುತ್ತದೆ, ಇದು ದ್ರವವಾಗಿಯೇ ಉಳಿದು ಪಾಕು ಜಿಡ್ಡು ಬಿಡುತ್ತದೆ. ಹಸಿಯಾಗಿ ತಿನ್ನಲು ಆಲಿವ್ ಎಣ್ಣೆಯೇ ಬೇಕೆಂದರೆ ಸಣ್ಣ ಬಾಟಲಿ ಎಕ್ಸ್‌ಟ್ರಾ ವರ್ಜಿನ್ ಬೇರೆ ಇಟ್ಟುಕೊಳ್ಳಿ.

ಡಬ್ಬದ ಗಾತ್ರ ಲೆಕ್ಕ ಹಾಕಿ ತನ್ನಿ. ನಾಲ್ಕು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 20 ಮಿಲಿಯಂತೆ 80 ಮಿಲಿ. 5 ಲೀಟರ್ ಡಬ್ಬ ಎರಡು ತಿಂಗಳಿಗೆ ಮುಗಿಯುತ್ತದೆ. ಇಬ್ಬರೇ ಇದ್ದರೆ ನಾಲ್ಕು ತಿಂಗಳು, ಅದರಲ್ಲಿ ಏಪ್ರಿಲ್ ಬಿಸಿಲೂ ಸೇರಿದರೆ ಕೊನೆಯ ಲೀಟರ್ ಕಮಟಾಗುವ ಸಂಭವ ಹೆಚ್ಚು. ಅಂಥವರು 1 ಲೀಟರಿನದೇ ತರಲಿ. ದಿನಬಳಕೆಗೆ ಅರ್ಧ ಲೀಟರಿನಷ್ಟನ್ನು ಸ್ಟೀಲ್ ಗಿಂಡಿಗೋ ಗಾಢ ಬಣ್ಣದ ಗಾಜಿನ ಬಾಟಲಿಗೋ ಬಗ್ಗಿಸಿಕೊಂಡು ಒಲೆಯಿಂದ ದೂರ ಇಡಿ. ಹಳೆಯ ಎಣ್ಣೆಯ ಮೇಲೆ ಹೊಸದನ್ನು ತುಂಬಬೇಡಿ, ತಳದಲ್ಲಿ ಉಳಿದ ಹಳಸಲು ಹೊಸದನ್ನೂ ಬೇಗ ಕೆಡಿಸುತ್ತದೆ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆ ಬೇಡ, ತಾಮ್ರ ತಾಗಿದರೆ ಎಣ್ಣೆ ಬೇಗ ಕಮಟುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮಸುಕಾಗಿ ಗಟ್ಟಿಯಾಗುತ್ತದೆ, ಹೊರಗಿಟ್ಟರೆ ಮತ್ತೆ ತಿಳಿಯಾಗುತ್ತದೆ. ಗಟ್ಟಿಯಾದರೆ ಅಸಲಿ, ಆಗದಿದ್ದರೆ ನಕಲಿ ಎಂಬ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಹೆಪ್ಪುಗಟ್ಟುವುದು ಕೊಬ್ಬಿನ ಆಮ್ಲ ಮತ್ತು ಮೇಣದ ಪಾಲಿನ ಮೇಲೆ ನಿಂತಿದೆ, ಅದು ತಳಿಯಿಂದ ತಳಿಗೆ ಬೇರೆ.