ಗೋಕರ್ಣದಲ್ಲಿ "ಮಂಡಿ ನೋವಿನ ಸಿಬಿಡಿ ಎಣ್ಣೆ" ತಗೊಳ್ಳೋ ಮುಂಚೆ ಇದನ್ನ ಓದಿ, ನಮ್ಮ ಆಯಿಗೆ ಆದದ್ದು ನಿಮ್ಮನೇಲಿ ಆಗೋದು ಬೇಡ

ಬರೀಬೇಕೋ ಬೇಡ್ವೋ ಅಂತ ಹದಿನೈದು ದಿನ ಒದ್ದಾಡಿದೆ. ಮರ್ಯಾದೆ ಪ್ರಶ್ನೆ ನೋಡಿ. 68 ವರ್ಷದ ನಮ್ಮ ಆಯಿ, ಏಕಾದಶಿ ದಿನ ಚಾ ಸಹ ಮುಟ್ಟದ ಹೆಂಗಸು, ಅವಳ ಯೂರಿನ್ ಟೆಸ್ಟಲ್ಲಿ ಗಾಂಜಾ ಪಾಸಿಟಿವ್ ಬಂತು. ಹೌದು, ಸರಿಯಾಗೇ ಓದಿದ್ರಿ. ಕೊಡ್ಸಿದ್ದು ನಾನು. ಬಿಎಸ್ಸಿ ಕೆಮಿಸ್ಟ್ರಿ ಮಾಡಿದ ನಾನು!

ಹೋದ ತಿಂಗಳು ಬೆಂಗಳೂರಿಂದ ನೆಂಟರು ಬಂದಿದ್ರು, ಘಟ್ಟ ಇಳ್ದು ಗೋಕರ್ಣಕ್ಕೆ ಕರ್ಕೊಂಡು ಹೋದೆ, ಮಹಾಬಲೇಶ್ವರನ ದರ್ಶನ ಮುಗ್ಸಿ ಕುಡ್ಲೆ ಬೀಚ್ ಕಡೆ ನಡೀತಾ ಇದ್ವಿ, ದಾರೀಲಿ ಒಂದು ಅಂಗಡಿ, ಹೊರಗೆ ಹಸಿರು ಎಲೆ ಚಿತ್ರ, ಒಳಗೆ ಸೋಪು, ಶಾಂಪು, ಬೀಜ, ಎಣ್ಣೆ. ಅಂಗಡಿಯವ ಬಹಳ ವಿನಯ. ಆಯಿಗೆ ಮಂಡಿ ನೋವು, ಅಂಗಳದಿಂದ ತೋಟಕ್ಕೆ ಇಳಿಯೋಕೂ ಕಷ್ಟ ಅಂತ ನಾನೇ ಬಾಯಿ ಬಿಟ್ಟೆ. ಅವ ಸಿಬಿಡಿ, ಸಿಬಿಜಿ, ಸಿಬಿಎನ್ ಅಂತ ಗಾಂಜಾ ಗಿಡದಲ್ಲಿರೋ ವಸ್ತುಗಳ ಹೆಸರನ್ನ ಮಗ್ಗಿ ಹೇಳ್ದಂಗೆ ಹೇಳ್ತಾ ಹೋದ. "ಸರ್, ನಶೆ ಬರೋದು ಟಿಎಚ್‌ಸಿಯಿಂದ, ಇದ್ರಲ್ಲಿ ಅದು ಜೀರೋ. ಇದು ಬರೀ ಸಿಬಿಡಿ. ಗಿಡಮೂಲಿಕೆ." ಬಾಟ್ಲಿ ಮೇಲೆ ಸಹ ದಪ್ಪಕ್ಷರದಲ್ಲಿ ಸಿಬಿಡಿ 1000 ಎಂಜಿ, ಟಿಎಚ್‌ಸಿ ಇಲ್ಲ ಅಂತ ಇತ್ತು. 30 ಎಂಎಲ್‌ಗೆ 3,200 ರೂಪಾಯಿ. ಬಿಲ್ ಕೇಳಿದ್ದಕ್ಕೆ "ವಾಟ್ಸಾಪಲ್ಲಿ ಕಳಿಸ್ತೆ" ಅಂದ. ಇವತ್ತಿಗೂ ಬಂದಿಲ್ಲ ಅದು.

ಜೊತೆಗಿದ್ದ ಭಾವನಿಗೂ ಬೆನ್ನು ನೋವಿಗೆ ಆಗ್ತದೆ ಅಂತ ಒಂದು ಕೊಡ್ಸಿದೆ. ಅದು ಇನ್ನೊಂದು ಕತೆ, ಕೊನೇಲಿ ಹೇಳ್ತೆ.

ಅವ ಹೇಳ್ದಂಗೆ ದಿನಾ ರಾತ್ರಿ ಮೂರು ಹನಿ. ಒಂಬತ್ತು ದಿನ ಏನೂ ಇಲ್ಲ, ಆಯಿಗೆ ಸ್ವಲ್ಪ ನಿದ್ದೆ ಜಾಸ್ತಿ, ಅಷ್ಟೇ. ಮಂಡಿ ಹಂಗೇ. ಹತ್ತನೇ ದಿನ ಅವ್ನಿಗೆ ಮೆಸೇಜ್ ಹಾಕಿದೆ. "ಡೋಸ್ ಕಮ್ಮಿ ಆಯ್ತು ಸರ್, ಹತ್ತು ಹನಿ ಕೊಡಿ, ತುಪ್ಪದ ಜೊತೆ ಕೊಡಿ, ಚೆನ್ನಾಗಿ ಹಿಡೀತದೆ." ಆಯ್ತು ಅಂತ ಅನ್ನಕ್ಕೆ ತುಪ್ಪ ಹಾಕಿ ಅದ್ರ ಮೇಲೆ ಹತ್ತು ಹನಿ ಬಿಟ್ಟೆ, ನನ್ನ ಕೈಯಾರೆ, ಎಂಟೂವರೆಗೆ. ಒಂಬತ್ತೂವರೆಗೂ ಏನೂ ಇಲ್ಲ. ಮತ್ತೆ ಮೆಸೇಜ್. "ಇನ್ನೈದು ಕೊಡಿ ಸರ್, ಭಯ ಬೇಡ." ಕೊಟ್ಟೆ. ಕೊಟ್ಟೆ ನೋಡಿ!

ಹತ್ತೂಮುಕ್ಕಾಲಿಗೆ ಒಳಗಿಂದ ಕೂಗಿದ್ಲು. "ತಮಾ, ಯಂಗೆ ಎಂತೋ ಆಗ್ತಾ ಇದ್ದು, ಮಂಚ ತೇಲಿದ ಹಂಗೆ ಆಗ್ತು." ಹೋಗಿ ನೋಡ್ತೆ, ಕಣ್ಣು ಕೆಂಪು, ಬಾಯಿ ಒಣಗಿ ನಾಲಿಗೆ ಅಂಟ್ಕೊಂಡಿದೆ, ಎದೆ ಡಬಡಬ. ಎಬ್ಬಿಸಿ ನಿಲ್ಲಿಸೋಕೆ ಹೋದ್ರೆ ಕುಸಿದ್ಲು. ಐದು ನಿಮಿಷಕ್ಕೊಮ್ಮೆ "ಬೆಳಗಾತನೋ?" ಅಂತ ಕೇಳೋದು, ಹೇಳಿದ್ದು ಮರ್ತು ಮತ್ತೆ ಅದೇ ಕೇಳೋದು. ನಂಗೆ ಸ್ಟ್ರೋಕ್ ಅಂತಲೇ ಅನ್ಸಿತು. ಕಾರಲ್ಲಿ ಹಾಕ್ಕೊಂಡು ಶಿರಸಿಗೆ ಓಡಿದ್ವಿ.

ಆಸ್ಪತ್ರೇಲಿ ಡ್ಯೂಟಿ ಡಾಕ್ಟ್ರು ಎಲ್ಲಾ ಕೇಳಿ, ಬಾಟ್ಲಿ ತಿರುಗಿಸಿ ನೋಡಿ, ಯೂರಿನ್ ಸ್ಟ್ರಿಪ್ ಹಾಕಿದ್ರು. ಪಾಸಿಟಿವ್. ನರ್ಸು ಒಮ್ಮೆ ಆಯಿ ಮುಖ ನೋಡಿದ್ಲು, ಒಮ್ಮೆ ನನ್ನ ಮುಖ ನೋಡಿದ್ಲು. ಆ ನೋಟ ಸಾಯೋ ತನಕ ಮರೆಯೋದಿಲ್ಲ. ಬರೀ ಸಿಬಿಡಿ ಆಗಿದ್ರೆ ಸಾಮಾನ್ಯವಾಗಿ ಆ ಸ್ಟ್ರಿಪ್ ಹಿಂಗೆ ತೋರ್ಸೋದಿಲ್ವಂತೆ, ಅದು ಹಿಡಿಯೋದು ಟಿಎಚ್‌ಸಿ ಒಡೆದು ಆಗೋ ವಸ್ತುವನ್ನ. ಜೀರೋ ಅಂದಿದ್ನಲ್ಲ, ಆ ಜೀರೋ ಇದು.

ಡಾಕ್ಟ್ರು ಬಿಡಿಸಿ ಹೇಳಿದ್ರು. ನಮ್ಮ ಮೈಯೇ ಅನಂದಮೈಡ್ ಅಂತ ಒಂದು ವಸ್ತು ಮಾಡ್ತದಂತೆ, 1992ರಲ್ಲಿ ಕಂಡುಹಿಡಿದದ್ದು, ನಮ್ಮ "ಆನಂದ"ದಿಂದಲೇ ಆ ಹೆಸರು ಇಟ್ಟದ್ದಂತೆ. ಅದು ಕೂರೋ ಜಾಗಕ್ಕೆ ಸಿಬಿ1 ರಿಸೆಪ್ಟರ್ ಅಂತಾರೆ, ಮಿದುಳಲ್ಲಿ ನೆನಪು, ಮೈಯ ಸಮತೋಲನ, ಹೊತ್ತಿನ ಲೆಕ್ಕ ನೋಡೋ ಕಡೆ ತುಂಬಾ ಇರ್ತದೆ. ಟಿಎಚ್‌ಸಿ ಬಂದು ಅಲ್ಲೇ ಕೂತ್ಕೊಳ್ತದೆ. ಅದಕ್ಕೇ ಮಂಚ ತೇಲಿದ್ದು, ಅದಕ್ಕೇ ಕೇಳಿದ್ದೇ ಕೇಳಿದ್ದು. ಎದ್ದಾಗ ಬಿಪಿ ಇಳೀತದೆ, ಅದಕ್ಕೇ ಕುಸಿದದ್ದು. ಉಸಿರಾಟ ನೋಡೋ ಜಾಗದಲ್ಲಿ ಈ ರಿಸೆಪ್ಟರ್ ಬಹಳ ಕಮ್ಮಿ, ಅಫೀಮಿನ ಥರ ಉಸಿರು ನಿಲ್ಸೋದಿಲ್ಲ ಅಂದಾಗ ನಂಗೆ ಸ್ವಲ್ಪ ಜೀವ ಬಂತು.

ಇನ್ನು ಆ ತುಪ್ಪ. ಟಿಎಚ್‌ಸಿ, ಸಿಬಿಡಿ ಎರಡೂ ಕರಗೋದು ಕೊಬ್ಬಲ್ಲಿ, ಜಿಡ್ಡಿನ ಊಟದ ಜೊತೆ ಹೋದ್ರೆ ಮೈಗೆ ಸೇರೋದು ಜಾಸ್ತಿ. ಬಾಯಿಂದ ತಗೊಂಡದ್ದು ಏರೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಲಿವರಲ್ಲಿ ಅದು ಇನ್ನೂ ಜೋರಿನ ರೂಪಕ್ಕೆ ತಿರುಗ್ತದೆ. ಮೊದಲ್ನೇದು ಏರೋ ಮುಂಚೆ ನಾನು ಎರಡನೇದು ಕೊಟ್ಟಿದ್ದೆ, ಅವನ ಮಾತು ಕೇಳಿ. ಆಯಿ ಸರಿಯಾಗೋಕೆ ಮರುದಿನ ಮಧ್ಯಾಹ್ನ ಆಯ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬೆಳಿಗ್ಗೆ ಬಂತು. ಆಯಿಗೆ ಹಾರ್ಟ್ ವಾಲ್ವ್ ಆಪರೇಷನ್ ಆಗಿದೆ, ರಕ್ತ ತೆಳು ಮಾಡೋ ವಾರ್ಫರಿನ್ ಗುಳಿಗೆ ದಿನಾ ನುಂಗ್ತಾಳೆ. ರಕ್ತ ಹೆಪ್ಪುಗಟ್ಟೋದು ಎಷ್ಟು ನಿಧಾನ ಅಂತ ತೋರ್ಸೋ ಐಎನ್‌ಆರ್ ಯಾವಾಗ್ಲೂ 2.6 ಆಸುಪಾಸು ಇರೋದು, 4.1 ಬಂತು, ಅಂದ್ರೆ ರಕ್ತಸ್ರಾವದ ಅಪಾಯ. ಸಿಬಿಡಿಗೆ ನಶೆ ಇಲ್ಲ ಅಂದ್ರೆ ಅದು ಪಾಪದ್ದು ಅಂತ ಅಲ್ಲ, ವಾರ್ಫರಿನ್ ಕರಗ್ಸೋ ಲಿವರಿನ ಕಿಣ್ವಗಳನ್ನೇ ಅದು ಹಿಡಿದಿಡ್ತದೆ, ಗುಳಿಗೆ ಮೈಯಲ್ಲೇ ಉಳ್ಕೊಳ್ತದೆ ಅಂದ್ರು. ಎರಡು ದಿನದಿಂದ ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರ್ತಿತ್ತಂತೆ, ಆಯಿ ಹೇಳ್ಲೇ ಇಲ್ಲ. ಅಂಗಡಿಯವ ಬೇರೆ ಏನಾದ್ರೂ ಮಾತ್ರೆ ಇದ್ಯಾ ಅಂತ ಒಂದು ಮಾತು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ, ಅದು ನನ್ನ ತಪ್ಪೇ.

ಈಗ ಅವನ ಉತ್ತರ ಕೇಳಿ, ಫೋನಲ್ಲಿ ಎಲ್ಲಾ ಇದೆ. ಮೊದಲ್ನೇದು: "ಬಾಡಿ ಡಿಟಾಕ್ಸ್ ಆಗ್ತಾ ಇದೆ ಸರ್, ಒಳ್ಳೇದೇ." ರಿಪೋರ್ಟ್ ಫೋಟೋ ಕಳ್ಸಿದೆ. "ಅಮ್ಮ ಬೇರೆ ಏನಾದ್ರೂ ತಗೊಂಡಿರ್ಬಹುದು." ಬೇರೆ ಏನಾದ್ರೂ! ನಮ್ಮ ಆಯಿ! ದುಡ್ಡು ವಾಪಸ್ ಕೊಡು, ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಂತು: "ಕೊಡಿ ಸರ್. ಬಾಟ್ಲಿ ಇರೋದು ನಿಮ್ಮನೇಲಿ. ಬಿಲ್ ಇದ್ಯಾ?" ಅಷ್ಟು ಬರೆದು ಬ್ಲಾಕ್.

ಅಲ್ಲಿ ಬೆವರಿದೆ ನೋಡಿ. ಈ ಗಿಡದ ಬೀಜಕ್ಕೆ, ಬರೀ ಎಲೆಗೆ 1985ರ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೇಲಿ ಗಾಂಜಾ ಅನ್ನೋದಿಲ್ಲ, ಬೀಜದ ಎಣ್ಣೆಯನ್ನ ಆಹಾರ ಅಂತ ಮಾರೋಕೆ 2021ರಲ್ಲಿ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ಒಪ್ಪಿಗೆ ಸಹ ಕೊಟ್ಟಿದೆ, ಆ ಬೀಜದ ಮರೆಯಲ್ಲೇ ಇವ್ರೆಲ್ಲಾ ಅಂಗಡಿ ಇಟ್ಟಿರೋದು. ಆದ್ರೆ ಹೂವು ಕಾಯ್ದೇಲಿ ಗಾಂಜಾನೇ, ನಮ್ಮ ಬಾಟ್ಲೀಲಿ ಇದ್ದದ್ದು ಹೂವಿಂದ ತೆಗೆದದ್ದಾಗಿದ್ರೆ? ಹೆದರಿ ಅವತ್ತು ರಾತ್ರಿಯೇ ಉಳಿದದ್ದನ್ನ ಬಚ್ಚಲಿಗೆ ಸುರಿದೆ. ಇದ್ದ ಒಂದು ಸಾಕ್ಷಿಯನ್ನ ಕೈಯಾರೆ ತೊಳೆದ ಜಾಣ ನಾನು.

ಖಾಲಿ ಬಾಟ್ಲಿ ಇದೆ. ಅದ್ರ ಮೇಲೆ ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಆಯುರ್ವೇದದಲ್ಲಿ ವಿಜಯಾ ಅಂತ ಇದ್ರ ಔಷಧಿ ಇದೆ, ಆದ್ರೆ ಅದಕ್ಕೆ ಆಯುಷ್ ಲೈಸೆನ್ಸ್ ಬೇಕು, ವೈದ್ಯರು ನೋಡ್ಕೊಂಡು ಕೊಡ್ಬೇಕು. ಬೀಚ್ ದಾರೀಲಿ ಸೋಪಿನ ಪಕ್ಕ ಇಟ್ಟು ಮಾರೋದಲ್ಲ. ಮನೇಲಿ ರಕ್ತದ ಗುಳಿಗೆ, ಫಿಟ್ಸ್ ಗುಳಿಗೆ ನುಂಗೋರು ಇದ್ರೆ ಡಾಕ್ಟರನ್ನ ಕೇಳದೆ ಇದ್ರ ಹತ್ರ ಹೋಗ್ಲೇಬೇಡಿ. ಲ್ಯಾಬ್ ರಿಪೋರ್ಟ್ ಕೇಳಿ, ಅವ ನಗಾಡಿದ್ರೆ ಎದ್ದು ಬನ್ನಿ. ನಾನು ಕೇಳ್ಲಿಲ್ಲ, ವಿನಯ ನೋಡಿ ಕರಗಿದೆ.

ಹಾಂ, ಭಾವನ ಬಾಟ್ಲಿ. ಅದೇ ಲೇಬಲ್, ಅದೇ ದಿನ, ಅದೇ ಕಪಾಟು. ಇವೆಲ್ಲಾ ಆಗೋ ಮುಂಚೆ ಅವ್ರು ಒಂದು ರಾತ್ರಿ ಅರ್ಧ ಚಮಚವೇ ಕುಡಿದಿದ್ರಂತೆ, ಒಂದು ಆಕಳಿಕೆ ಸಹ ಬರ್ಲಿಲ್ವಂತೆ. ಮೂಸಿದ್ರೆ ಬರೀ ಬೀಜದ ಎಣ್ಣೆ ವಾಸ್ನೆ, ಬೀಜದಲ್ಲಿ ಸಿಬಿಡಿ ಇಲ್ಲ ಅನ್ನೋವಷ್ಟು ಕಮ್ಮಿ. ಒಂದ್ರಲ್ಲಿ ಗಾಂಜಾ, ಇನ್ನೊಂದ್ರಲ್ಲಿ ಒಗ್ಗರಣೆ ಎಣ್ಣೆ, ಯಾರ ಕೈಗೆ ಯಾವ್ದು ಅಂತ ಮಾರೋನಿಗೂ ಗೊತ್ತಿಲ್ಲ ಅನ್ಸ್ತದೆ.

ಭಾವ ಈಗ ಅವ್ರ 3,200 ನನ್ನ ಹತ್ರ ಕೇಳ್ತಾ ಇದಾರೆ.