ಹಾಫ್ ಪ್ಲೇಟ್ ಕ್ಯಾಮೆರಾಕ್ಕೆ ಯಾವ ಹೋಲ್ಡರ್ ಹೊಂದುತ್ತೆ? ಬಹಳ ದಿನ ಬಳಸಿದ ಮೇಲೆ ಬರೆದದ್ದು

ಹಳೇ ಮರದ ಕ್ಯಾಮೆರಾ ಕೊಳ್ಳುವವರು ಮೊದಲು ಲೆನ್ಸ್ ವಿಚಾರಿಸುತ್ತಾರೆ, ಆಮೇಲೆ ಬೆಲ್ಲೋಸ್ (ಲೆನ್ಸಿಗೂ ಹಿಂಭಾಗಕ್ಕೂ ನಡುವಿನ ಮಡಿಕೆಯ ಚೀಲ) ನೋಡುತ್ತಾರೆ. ನಾನಾದರೆ ಮೊದಲು ಕೇಳುವುದು, ಜೊತೆಗೆ ಹೋಲ್ಡರ್ (ಗಾಜು ಅಥವಾ ಫಿಲ್ಮನ್ನು ಬೆಳಕು ತಾಗದ ಹಾಗೆ ಹಿಡಿದು ಕ್ಯಾಮೆರಾದ ಹಿಂದೆ ಕೂರುವ ಚಪ್ಪಟೆ ಪೆಟ್ಟಿಗೆ) ಇದೆಯಾ ಅಂತ. ಲೆನ್ಸ್ ಬೇರೆ ಹಾಕಬಹುದು, ಬೆಲ್ಲೋಸ್ ಹೊಸದಾಗಿ ಮಾಡಿಸಬಹುದು. ಹೋಲ್ಡರ್ ಹುಡುಕುವುದೇ ನಿಜವಾದ ಕಷ್ಟ.

ನನ್ನ ಹತ್ತಿರ ಇರುವುದು ಇಂಗ್ಲೆಂಡಿನ ಥಾರ್ನ್‌ಟನ್ ಪಿಕಾರ್ಡ್ ಕಂಪನಿಯ ಹಾಫ್ ಪ್ಲೇಟ್ ಫೀಲ್ಡ್ ಕ್ಯಾಮೆರಾ. ಅದರ ಜೊತೆ ಬಂದದ್ದು ಒಂದೇ ಹೋಲ್ಡರ್. ಒಂದು ಹೋಲ್ಡರ್ ಅಂದರೆ ಎರಡು ಫೋಟೋ, ಅಷ್ಟೇ. ಬೆಳಗ್ಗೆ ಬೆಟ್ಟ ಹತ್ತಿ ಎರಡು ಫೋಟೋ ತೆಗೆದು ಇಳಿಯುವುದಕ್ಕೆ ಮನಸ್ಸು ಬರುತ್ತಾ? ಹೀಗೆ ಶುರುವಾಯಿತು ನನ್ನ ಹುಡುಕಾಟ.

ಹಾಫ್ ಪ್ಲೇಟ್ ಅಂದರೆ ಒಳಗೆ ಕೂರುವ, ಆಗ ಫಿಲ್ಮಿನ ಜಾಗದಲ್ಲಿ ಬಳಸುತ್ತಿದ್ದ ಗಾಜಿನ ಅಳತೆ, 4¾ × 6½ ಇಂಚು. ಹೋಲ್ಡರಿನ ಹೊರಗಿನ ಅಳತೆಗೂ ಇದಕ್ಕೂ ಸಂಬಂಧ ಇಲ್ಲ. ಆ ಕಾಲದ ಬ್ರಿಟಿಷ್ ತಯಾರಕರು ಹೋಲ್ಡರ್‌ಗಳನ್ನು ತಮಗೆ ಸರಿಕಂಡ ಹಾಗೆ ಮಾಡುತ್ತಿದ್ದರು. ಹಾಗಾಗಿ 'ಹಾಫ್ ಪ್ಲೇಟ್ ಹೋಲ್ಡರ್' ಅಂತ ಬರೆದಿದ್ದ ಮಾತ್ರಕ್ಕೆ ಅದು ನಿಮ್ಮ ಕ್ಯಾಮೆರಾದಲ್ಲಿ ಕೂರುತ್ತೆ ಅಂತ ನಂಬಬೇಡಿ. ಕೊಳ್ಳುವ ಮುಂಚೆ ಮೂರು ಅಳತೆ ಕೇಳಿ: ಹೋಲ್ಡರಿನ ಒಟ್ಟು ಅಗಲ, ಕ್ಯಾಮೆರಾದ ಕಾಲುವೆಯೊಳಗೆ ಜಾರುವ ಅಂಚಿನ ದಪ್ಪ, ಮುಂಭಾಗದಿಂದ ಗಾಜು ಕೂರುವ ಜಾಗಕ್ಕೆ ಇರುವ ಆಳ. ವರ್ನಿಯರ್ ಕ್ಯಾಲಿಪರ್ ಇಟ್ಟು ಫೋಟೋ ತೆಗೆದು ಕಳಿಸಿ ಅಂತ ಹೇಳಿ. ಅಂಚಿನ ದಪ್ಪದಲ್ಲಿ ಅರ್ಧ ಮಿಲಿಮೀಟರ್ ಜಾಸ್ತಿ ಇದ್ದರೂ ಒಳಗೆ ಹೋಗುವುದಿಲ್ಲ. ಉಜ್ಜಿ ಸರಿಮಾಡಬಹುದು ನಿಜ. ಆದರೆ ಉಜ್ಜುವುದಾದರೆ ಹೋಲ್ಡರನ್ನೇ ಉಜ್ಜಿ, ಕ್ಯಾಮೆರಾ ಮುಟ್ಟಬೇಡಿ.

ಈಗ ನಾನು ಬಳಸುತ್ತಿರುವ ಹೋಲ್ಡರ್‌ಗಳ ವಿಷಯ. ಇವು ಬುಕ್ ಫಾರ್ಮ್ ಹೋಲ್ಡರ್‌ಗಳು, ಹೆಸರಿಗೆ ತಕ್ಕ ಹಾಗೆ ಪುಸ್ತಕದಂತೆ ಬಿಚ್ಚಿಕೊಳ್ಳುತ್ತವೆ. ಮಧ್ಯದಲ್ಲಿ ಕಪ್ಪು ಬಣ್ಣದ ತೆಳು ತಗಡು, ಅದರ ಮೇಲೆ ಸಣ್ಣ ಸ್ಪ್ರಿಂಗ್. ಆ ಕಡೆ ಒಂದು ಗಾಜು, ಈ ಕಡೆ ಒಂದು ಗಾಜು. ಮುಚ್ಚಿದಾಗ ಸ್ಪ್ರಿಂಗ್ ಗಾಜನ್ನು ಮುಂದಿನ ಅಂಚಿಗೆ ಒತ್ತಿ ಹಿಡಿಯುತ್ತದೆ. ಡಾರ್ಕ್ ಸ್ಲೈಡ್ (ಗಾಜಿನ ಮುಂದೆ ಬೆಳಕು ತಡೆಯುವ ಜಾರು ಮುಚ್ಚಳ) ಕೂಡ ಮರದ್ದೇ. ಅದನ್ನು ಪೂರ್ತಿ ಹೊರಗೆ ತೆಗೆಯುವ ಹಾಗಿಲ್ಲ. ಮೇಲೆಳೆದು ಹಿಂದಕ್ಕೆ ಮಡಚಬೇಕು. ಮಡಚುವ ಜಾಗದಲ್ಲಿ ಒಂದು ಬಟ್ಟೆಯ ಪಟ್ಟಿ ಅಂಟಿಸಿರುತ್ತಾರೆ. ಬೆಳಕು ನುಸುಳುವುದು ಜಾಸ್ತಿ ಅಲ್ಲೇ. ವರ್ಷಗಟ್ಟಲೆ ಮಡಚಿ ಮಡಚಿ ಬಟ್ಟೆ ಸೀಳಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಪರೀಕ್ಷೆ ಸುಲಭ. ಕೆಂಪು ದೀಪದಲ್ಲಿ ಫೋಟೋ ಪೇಪರ್ ಕತ್ತರಿಸಿ ಹೋಲ್ಡರಿಗೆ ಹಾಕಿ. ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟು, ತಿರುಗಿಸಿ ಇನ್ನೊಂದು ಕಡೆಯೂ ಬಿಸಿಲು ತೋರಿಸಿ. ಆಮೇಲೆ ಪೇಪರ್ ಡೆವಲಪ್ ಮಾಡಿ. ಸೋರಿಕೆ ಇದ್ದರೆ ಕಪ್ಪು ಗೆರೆ ಎದ್ದು ಕಾಣುತ್ತದೆ, ಎಲ್ಲಿ ಅಂತಲೂ ಗೊತ್ತಾಗುತ್ತದೆ. ಫಿಲ್ಮ್ ದಂಡ ಆಗುವುದಿಲ್ಲ. ನನ್ನ ಹೋಲ್ಡರ್‌ಗಳಲ್ಲಿ ಒಂದರ ಪಟ್ಟಿ ಹೀಗೇ ಸಿಕ್ಕಿಬಿತ್ತು. ಬೈಂಡಿಂಗ್ ಅಂಗಡಿಯ ಕಪ್ಪು ಬಟ್ಟೆ ತಂದು ಅಂಟಿಸಿದೆ. ಇವತ್ತಿಗೂ ಗಟ್ಟಿಯಾಗಿದೆ.

ಇವು ಗಾಜಿಗೆ ಮಾಡಿದ ಹೋಲ್ಡರ್. ಇವತ್ತಿನ ಶೀಟ್ ಫಿಲ್ಮ್ ದಪ್ಪ ಸುಮಾರು 0.18 ಮಿಲಿಮೀಟರ್ ಅಷ್ಟೇ. ಸುಮ್ನೆ ಹಾಗೇ ಹಾಕಿದರೆ ಬಾಗುತ್ತದೆ, ಜಾರಿ ಬೀಳುತ್ತದೆ. ಅದಕ್ಕೆ ಫಿಲ್ಮ್ ಶೀತ್ ಬೇಕೇ ಬೇಕು. ಮೂರು ಅಂಚು ಒಳಕ್ಕೆ ಮಡಚಿದ ತೆಳು ತಗಡು ಅದು. ಫಿಲ್ಮ್ ಅದರೊಳಗೆ ಜಾರುತ್ತದೆ, ತಗಡು ಗಾಜಿನ ಜಾಗದಲ್ಲಿ ಕೂರುತ್ತದೆ. ಹಳೇ ಹೋಲ್ಡರ್ ಮಾರುವವರು ಇದನ್ನು ತಗಡಿನ ಚೂರು ಅಂತ ಎಸೆದಿರುತ್ತಾರೆ. ಹೋಲ್ಡರ್ ಕೊಳ್ಳುವಾಗ ಇದೂ ಇದೆಯಾ ಅಂತ ಮರೆಯದೆ ಕೇಳಿ. ಮಡಿಕೆಯ ದಪ್ಪದಷ್ಟು ಫಿಲ್ಮ್ ಹಿಂದಕ್ಕೆ ಹೋಗುತ್ತದೆ. ಲೆನ್ಸಿನ ಕಿಂಡಿ ಕಿರಿದಾದ ಎಫ್ 22ರಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಎಫ್ 8ರಲ್ಲಿ ಭಾವಚಿತ್ರ ತೆಗೆಯುವವರು ಮಾತ್ರ ಫೋಕಸ್ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಫಿಲ್ಮ್ ಸಿಗುತ್ತಾ? ಇಲ್ಫರ್ಡ್ ಕಂಪನಿ ವರ್ಷಕ್ಕೊಮ್ಮೆ ವಿಶೇಷ ಅಳತೆಗಳಿಗೆ ಆರ್ಡರ್ ತೆಗೆದುಕೊಳ್ಳುತ್ತದೆ, ಹಾಫ್ ಪ್ಲೇಟ್ ಅದರಲ್ಲಿ ಬಂದಿದೆ. ಅಲ್ಲಿವರೆಗೆ ಕಾಯಲು ಆಗದವರು 8 × 10 ಶೀಟ್ ಕತ್ತರಿಸಿ. ಒಂದರಲ್ಲಿ ಎರಡು ಹಾಫ್ ಪ್ಲೇಟ್ ಸಿಗುತ್ತವೆ, ಅಂಚಿನ ಪಟ್ಟಿ ಟೆಸ್ಟಿಗೆ ಆಗುತ್ತದೆ. ಶೀತ್ ಒಳಗೆ ಜಾರಬೇಕಲ್ಲ, ಎರಡೂ ಕಡೆ ಒಂದು ಕೂದಲು ಕಮ್ಮಿ ಕತ್ತರಿಸಿ. ಆರ್ಥೋ ಫಿಲ್ಮ್ (ಕೆಂಪು ಬೆಳಕಿಗೆ ಸ್ಪಂದಿಸದ ಫಿಲ್ಮ್) ಆದರೆ ಕೆಂಪು ದೀಪದಲ್ಲೇ ಕತ್ತರಿಸಬಹುದು, ಅದೇ ದೊಡ್ಡ ಅನುಕೂಲ. ಎಕ್ಸ್‌ರೇ ಫಿಲ್ಮ್ ಅಗ್ಗ, ಅದಕ್ಕೂ ಕೆಂಪು ದೀಪ ಸಾಕು. ಆದರೆ ಮಾಮೂಲಿ ಎಕ್ಸ್‌ರೇ ಫಿಲ್ಮಿಗೆ ಎರಡೂ ಬದಿ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಇರುವುದರಿಂದ ತಗಡು ತಾಗಿ ಬೇಗ ಗೀರುತ್ತದೆ.

ಇಷ್ಟೆಲ್ಲಾ ಬೇಡ ಅನ್ನುವವರಿಗೆ ಇನ್ನೊಂದು ದಾರಿ, 4 × 5 ಬ್ಯಾಕ್, ಅಂದರೆ 4 × 5 ಇಂಚಿನ ಹೋಲ್ಡರ್ ಕೂರುವ ಹಿಂಭಾಗ. ನಾನೂ ಒಂದು ಮಾಡಿಸಿದ್ದೇನೆ. ಹಿಂದಿನ ಫ್ರೇಮಿನ ಅಳತೆಗೆ ತೇಗದ ಹಲಗೆ, ಮಧ್ಯದಲ್ಲಿ ಹಳೇ 4 × 5 ಸ್ಪ್ರಿಂಗ್ ಬ್ಯಾಕ್ (ಹೋಲ್ಡರನ್ನು ಸ್ಪ್ರಿಂಗಿನಿಂದ ಒತ್ತಿ ಹಿಡಿಯುವ ಚೌಕಟ್ಟು). ಪರಿಚಯದ ಬಡಗಿಯೊಬ್ಬರು ತುಂಬಾ ಅಚ್ಚುಕಟ್ಟಾಗಿ ಮಾಡಿಕೊಟ್ಟರು. 4 × 5 ಹೋಲ್ಡರಿನ ಅಳತೆ ಅಮೆರಿಕದ ಸ್ಟ್ಯಾಂಡರ್ಡ್ ಪ್ರಕಾರ ನಿಗದಿಯಾಗಿದೆ. ಆಳ 0.197 ಇಂಚು, ಅಂದರೆ ಸುಮಾರು 5 ಮಿಲಿಮೀಟರ್. ಹಾಗಾಗಿ ಫಿಡೆಲಿಟಿ, ಲಿಸ್ಕೊ, ಟೊಯೊ ಯಾವುದೇ ಕಂಪನಿಯದಾದರೂ ಕೂರುತ್ತದೆ. ಫಿಲ್ಮಿನ ದಪ್ಪ ಕಳೆದು ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಮಸುಕು ಗಾಜು) 0.190 ಇಂಚಿನಲ್ಲಿ ಇರಬೇಕು. ಇದನ್ನು ಬಡಗಿಗೆ ಬಿಡದೆ ನೀವೇ ನಿಂತು ಅಳೆಸಿ. ಚಿತ್ರ ಚಿಕ್ಕದಾಗುತ್ತದೆ, ಹಳೇ ಲೆನ್ಸ್ ಕೊಂಚ ಉದ್ದ ಅನಿಸುತ್ತದೆ. ಪ್ರಯಾಣಕ್ಕೆ ಮಾತ್ರ ಇದಕ್ಕಿಂತ ನೆಮ್ಮದಿ ಇಲ್ಲ.

ಮಳೆಗಾಲದಲ್ಲಿ ಮರದ ಹೋಲ್ಡರ್ ಉಬ್ಬಿ ಡಾರ್ಕ್ ಸ್ಲೈಡ್ ಬಿಗಿಯಾಗುತ್ತದೆ. ಜೋರಾಗಿ ಎಳೆದರೆ ಆ ಬಟ್ಟೆಯ ಪಟ್ಟಿಯೇ ಕಿತ್ತು ಬರುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ, ಜಾರುವ ಅಂಚಿಗೆ ಚೂರು ಮೇಣದಬತ್ತಿ ಸವರಿ. ಎಣ್ಣೆ ಹಾಕಬೇಡಿ, ಮರ ಕುಡಿದು ಫಿಲ್ಮಿಗೆ ಕಲೆ ಮಾಡುತ್ತದೆ.

ಹೊಸಬರು 4 × 5 ಬ್ಯಾಕ್ ಮಾಡಿಸಿಕೊಳ್ಳಿ. ಕ್ಯಾಮೆರಾ ಹೇಗಿತ್ತೋ ಹಾಗೇ ಬಳಸುವ ಆಸೆ ಇದ್ದವರು ಬುಕ್ ಫಾರ್ಮ್ ಹುಡುಕಿ. ಬೆಲೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಕ್ಯಾಮೆರಾದ ಜೊತೆಗೇ ಬಂದ ಜೋಡಿ ಹೋಲ್ಡರ್ ಸಿಕ್ಕರೆ ಬಿಡಬೇಡಿ.